‘ಕನ್ನಡ’ದಲ್ಲಿ ಎಷ್ಟು ಅಕ್ಷರ?

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಒಂದನೇ ತರಗತಿಯ ಮಗುವನ್ನು ಕೇಳಿ. ಬೆರಳು ಮಡಚಿ ಎಣಿಸಿ ಮೂರು ಎನ್ನುತ್ತದೆ: ಕ, ನ್ನ, ಡ. ಇದೇ ಪ್ರಶ್ನೆಯನ್ನು ಕಳೆದ ಕಾಲು ಶತಮಾನದಲ್ಲಿ ಕಂಪ್ಯೂಟರಿಗೆ ಕೇಳುತ್ತ ಬಂದಿದ್ದರೆ ಸಿಗುತ್ತಿದ್ದ ಉತ್ತರಗಳು ಬೇರೆ. ಒಂದು ಕಾಲಕ್ಕೆ 7 ಎಂದಿತು. ಆಮೇಲೆ 15 ಎಂದಿತು. ಅದಾದ ಮೇಲೆ 5. ಈಚೆಗೆ 4.

ಹೈಟೆಕ್ ಸಿಟಿ, ಮಾದಾಪುರ, ಗಚ್ಚಿಬೌಲಿ ಕಡೆ ಅನ್ನ ಹುಟ್ಟಿಸಿಕೊಂಡಿರುವ ನಮ್ಮಂಥವರಿಗೆ ‘ಹೊಸ ಆವೃತ್ತಿ’ ಎಂಬ ಮಾತು ಹಬ್ಬದ ಹಾಗೆ ವರ್ಷಕ್ಕೆ ಒಂದೆರಡು ಸಲವಾದರೂ ಬರುತ್ತದೆ. ಬಂದ ಕೂಡಲೇ ತಂಡದ ಹುಡುಗರು ಏನೇನು ಸುಧಾರಣೆಯಾಗಿದೆ ಎಂದು ಪಟ್ಟಿ ಓದುತ್ತಾರೆ. ವೇಗ ಎಷ್ಟು ಹೆಚ್ಚಿತು, ಭದ್ರತೆ ಎಷ್ಟು ಬಿಗಿಯಾಯಿತು, ಹತ್ತು ಸಾಲಿನ ಕೆಲಸ ಎಷ್ಟು ಸಾಲಿಗೆ ಇಳಿಯಿತು. ಈ ಅಳತೆಗಳೆಲ್ಲ ಸರಿಯೇ. ಆದರೆ ಕನ್ನಡದಲ್ಲಿ ಓದಿ ಬರೆಯುವವನಿಗೆ ಇನ್ನೊಂದು ಅಳತೆಗೋಲು ಇರಬೇಕು ಎಂದು ನನಗೆ ಅನ್ನಿಸುತ್ತಾ ಬಂದಿದೆ: ಈ ಹೊಸ ಆವೃತ್ತಿ ‘ಕನ್ನಡ’ವನ್ನು ಎಷ್ಟು ಅಕ್ಷರ ಎಂದು ಎಣಿಸುತ್ತದೆ? ಆ ಕೋಲು ಹಿಡಿದು ಒಂದು ಫ್ರೇಮ್‌ವರ್ಕಿನ ಚರಿತ್ರೆಯನ್ನು ಹೇಳಲು ಹೊರಟಿದ್ದೇನೆ. ಅದರ ಹೆಸರು ಜ್ಯಾಂಗೊ. ಅದು ಪೈಥಾನ್ ಭಾಷೆಯಲ್ಲಿ ಬರೆದದ್ದು.

ಫ್ರೇಮ್‌ವರ್ಕ್ ಎಂದರೇನು ಎಂದು ಕಂಪ್ಯೂಟರ್ ಓದದ ಗೆಳೆಯರು ಕೇಳುತ್ತಾರೆ. ಕಲ್ಯಾಣ ಮಂಟಪ ಎಂದುಕೊಳ್ಳಿ. ವೇದಿಕೆ, ಊಟದ ಹಾಲು, ಅಡುಗೆಮನೆ, ಕೈತೊಳೆಯುವ ನಲ್ಲಿ ಎಲ್ಲ ಮೊದಲೇ ಕಟ್ಟಿಟ್ಟಿರುತ್ತಾರೆ. ವಧೂವರರು, ಅಡುಗೆಯವರು, ನೆಂಟರಿಷ್ಟರು ನಿಮ್ಮವರು. ವೆಬ್‌ಸೈಟ್ ಕಟ್ಟುವವನು ಪ್ರತಿಸಲ ಅಡಿಪಾಯ ತೋಡಬೇಕಿಲ್ಲ. ಆದರೆ ಮಂಟಪ ಕಟ್ಟಿದವನು ನಮ್ಮ ಕಡೆಯ ಮದುವೆ ನೋಡಿಯೇ ಇಲ್ಲದಿದ್ದರೆ ಎಲ್ಲೋ ಒಂದು ಕಡೆ ತಕರಾರು ಬರುತ್ತದೆ.

ಮೊದಲು 7ರ ಕಥೆ ಹೇಳಿಬಿಡುತ್ತೇನೆ. ಅದು ಫ್ರೇಮ್‌ವರ್ಕುಗಳಿಗಿಂತ ಹಳೆಯದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಇವುಗಳಿಂದ ಒಂದು ಇಡೀ ತಲೆಮಾರು ಕನ್ನಡ ಟೈಪಿಸಿತು. ಆಗಿನ ಫಾಂಟುಗಳಲ್ಲಿ ಅಕ್ಷರಗಳು ಅಕ್ಷರಗಳಾಗಿ ಇರಲಿಲ್ಲ, ಚಿತ್ರದ ತುಂಡುಗಳಾಗಿದ್ದವು. ಇಂಗ್ಲಿಷಿನ ಹಾಗೂ ಯುರೋಪಿನ ಚಿಹ್ನೆಗಳ 256 ಮನೆಗಳಲ್ಲಿ ನಮ್ಮ ಕೊಂಬು, ದೀರ್ಘ, ತಲೆಕಟ್ಟು, ಒತ್ತುಗಳನ್ನು ಬಾಡಿಗೆಗೆ ಇಟ್ಟಿದ್ದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ಕಡತ ತೆರೆದರೆ ‘ಕನ್ನಡ’ ಎಂಬ ಪದ ಕಾಣುತ್ತಿದ್ದದ್ದು ಹೀಗೆ: ಒಂದು ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಒಂದು ಪೌಂಡ್ ಗುರುತು, ಮತ್ತೆ ಗೆರೆ ಹೊತ್ತ ಎ, ಜರ್ಮನ್ನರ ಬೀಟಾದಂಥ ಅಕ್ಷರ, ಒಂದು ಕ್ಯೂ, ಕೊನೆಗೆ ಇನ್ನೊಂದು ಗೆರೆಯ ಎ. ಒಟ್ಟು ಏಳು. ಇದನ್ನು ಕಂಡ ಕೂಡಲೇ ‘ಓಹೋ, ಕನ್ನಡ’ ಎಂದು ಓದಬಲ್ಲ ಡಿಟಿಪಿಯವರನ್ನು ನಾನು ಕಂಡಿದ್ದೇನೆ. ಅದು ತಮಾಷೆಯ ಮಾತಲ್ಲ, ಅವರ ವಿದ್ಯೆ. ಪುಸ್ತಕ ಅಚ್ಚು ಹಾಕಲು ಈ ಏರ್ಪಾಟು ಧಾರಾಳವಾಗಿ ಸಾಕಿತ್ತು. ಹುಡುಕಲು, ವಿಂಗಡಿಸಲು, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಸಾಲುತ್ತಿರಲಿಲ್ಲ.

ಯುನಿಕೋಡ್ ಎಂಬುದು ಆಗಲೇ ಇತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಸಿಕ್ಕಿತ್ತು. ಭಾರತ ಸರ್ಕಾರದ ಇಸ್ಕಿ ಸಂಕೇತಪಟ್ಟಿಯ ಮಾದರಿಯಲ್ಲೇ ಭಾರತೀಯ ಲಿಪಿಗಳನ್ನು ಅಲ್ಲಿ ಜೋಡಿಸಿದರು. ಈ ಊರಿನಲ್ಲಿರುವ ಕನ್ನಡಿಗನಿಗೆ ಇಲ್ಲೊಂದು ಸೊಗಸಿದೆ: ಕನ್ನಡದ ಓಣಿಗೆ ಮೊದಲು ಬರುವ ಓಣಿ ತೆಲುಗಿನದು. ಎರಡರಲ್ಲೂ ಮನೆಗಳ ಕ್ರಮ ಒಂದೇ. ತೆಲುಗಿನ ‘ಕ’ಕಾರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ‘ಕ’ ಬರುತ್ತದೆ. ಒಂದು ಕಾಲಕ್ಕೆ ಒಂದೇ ಲಿಪಿಯಾಗಿದ್ದು ಆಮೇಲೆ ಕವಲೊಡೆದ ಅಕ್ಕತಂಗಿಯರು ಕಂಪ್ಯೂಟರಿನೊಳಗೂ ಪಕ್ಕದ ಮನೆಯವರೇ. ಸಿಟಿ ಬಸ್ಸಿನ ತೆಲುಗು ಬೋರ್ಡನ್ನು ಕಲಿಯದೆಯೇ ಮುಕ್ಕಾಲು ಪಾಲು ಓದಿಬಿಡುವ ನಮಗೆ ಇದು ಸಹಜವಾಗಿಯೇ ಕಾಣುತ್ತದೆ. 128 ಎಂಬ ಈ ಅಂತರ ನೆನಪಿರಲಿ.

ಯುನಿಕೋಡ್ ಕಾಗದದ ಮೇಲೆ ಇದ್ದರೂ ಪರದೆಯ ಮೇಲೆ ಬರಲು ಹತ್ತು ವರ್ಷ ಬೇಕಾಯಿತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ಕನ್ನಡಕ್ಕೆ ತುಂಗಾ, ತೆಲುಗಿಗೆ ಗೌತಮಿ ಎಂಬ ಫಾಂಟುಗಳು ಬಂದವು. ಅದಕ್ಕೂ ‘ಸಂಕೀರ್ಣ ಲಿಪಿ’ಗಳ ಸೌಲಭ್ಯವನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಿತ್ತು, ಅನೇಕರಿಗೆ ಅದಕ್ಕೆ ಸಿಡಿ ಹುಡುಕಬೇಕಾಗುತ್ತಿತ್ತು. ನಮ್ಮ ಲಿಪಿ ಸಂಕೀರ್ಣವಂತೆ! ಕಲಿತವರಿಗೆ ಯಾವ ಲಿಪಿಯೂ ಸಂಕೀರ್ಣವಲ್ಲ.

ಈಗ ಜ್ಯಾಂಗೊ. ಇದು ಹುಟ್ಟಿದ್ದು ಸಿಲಿಕಾನ್ ಕಣಿವೆಯಲ್ಲಲ್ಲ, ಒಂದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಕಟ್ಟತೊಡಗಿದರು. ಸುದ್ದಿಮನೆಯಲ್ಲಿ ಬೆಳಿಗ್ಗೆ ಕೇಳಿದ್ದು ಸಂಜೆಗೆ ಬೇಕು. ಹಾಗಾಗಿ ಬೇಗ ಕಟ್ಟುವುದಕ್ಕೆ ಅನುಕೂಲವಾಗುವ ಒಂದು ಮಂಟಪ ತಾನಾಗಿ ಎದ್ದುನಿಂತಿತು. 2005ರ ಜುಲೈಯಲ್ಲಿ ಎಲ್ಲರ ಬಳಕೆಗೆ ಬಿಟ್ಟರು. ಹೆಸರು ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟನದು.

ಆ ಸಣ್ಣ ಊರಿನ ಪತ್ರಿಕೆಗೆ ಇಂಗ್ಲಿಷ್ ಸಾಕಿತ್ತು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಹಾಗಾಗಿ ಬೈಟುಗಳನ್ನು ಎಣಿಸಿದರೆ ಅಕ್ಷರಗಳನ್ನು ಎಣಿಸಿದಂತೆಯೇ. ಕನ್ನಡಕ್ಕೆ ಹಾಗಲ್ಲ. ವೆಬ್ಬಿನಲ್ಲಿ ಯುನಿಕೋಡನ್ನು ಸಾಗಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ’ ಎಂದರೆ 224, 178, 149 ಎಂಬ ಮೂರು ಅಂಕಿಗಳು. ‘ಕನ್ನಡ’ದಲ್ಲಿ ಐದು ಸಂಕೇತಗಳು: ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ. ಐದು ಮೂರಲೆ ಹದಿನೈದು. ಪೈಥಾನಿನ ಹಳೆಯ ಆವೃತ್ತಿಗೆ ಈ ಪದದ ಉದ್ದ ಕೇಳಿದರೆ 15 ಎನ್ನುತ್ತಿದ್ದದ್ದು ಹೀಗೆ.

ಬರೀ ಎಣಿಕೆಯ ತಪ್ಪಾಗಿದ್ದರೆ ಸಹಿಸಬಹುದಿತ್ತು. ಹೆಸರಿನ ಜಾಗಕ್ಕೆ 30ರ ಮಿತಿ ಇಟ್ಟರೆ ಬೈಟಿನ ಲೆಕ್ಕದಲ್ಲಿ ಕನ್ನಡಕ್ಕೆ ಸಿಗುವುದು ಹತ್ತೇ ಸಂಕೇತ. ‘ವೆಂಕಟರಮಣಯ್ಯ’ ಎಂಬ ಹೆಸರೇ ಅದರಲ್ಲಿ ಹಿಡಿಸುವುದಿಲ್ಲ. ಮೊದಲ ಇಷ್ಟು ಅಕ್ಷರ ತೋರಿಸು ಎಂದರೆ ಯಂತ್ರ ಮೂರು ಬೈಟಿನ ನಡುವೆ ಕತ್ತರಿ ಹಾಕುತ್ತಿತ್ತು, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊತ್ತ ಕರಿ ವಜ್ರವೊಂದು ಮೂಡುತ್ತಿತ್ತು. ಇದೆಲ್ಲಕ್ಕಿಂತ ಕುಖ್ಯಾತವಾದದ್ದು ಒಂದು ದೋಷಸಂದೇಶ. ಮೊದಲನೇ ಸ್ಥಾನದಲ್ಲಿ 224 ಎಂಬ ಬೈಟ್ ಬಂದಿದೆ, ಅದು 128ರ ಒಳಗೆ ಇಲ್ಲ, ನನಗೆ ಅರ್ಥವಾಗುವುದಿಲ್ಲ ಎಂದು ಅದರ ತಾತ್ಪರ್ಯ. ಭಾರತದ ಮುಖ್ಯ ಲಿಪಿಗಳೆಲ್ಲ ಯುಟಿಎಫ್-8ರಲ್ಲಿ 224ರಿಂದಲೇ ಶುರುವಾಗುತ್ತವೆ. ಹಿಂದಿಯವನಿರಲಿ, ತಮಿಳಿನವನಿರಲಿ, ನಾವಿರಲಿ, ಹೊಸ್ತಿಲಲ್ಲಿ ಎಡವುತ್ತಿದ್ದ ಕಲ್ಲು ಒಂದೇ.

ದತ್ತಾಂಶ ಇಡುವ ಮೈಎಸ್‌ಕ್ಯೂಎಲ್‌ನ ಕಥೆಯೂ ಇಂಥದ್ದೇ. ಸ್ವೀಡನ್ನಿನಲ್ಲಿ ಹುಟ್ಟಿದ ಅದು ಬಹುಕಾಲ ಪಶ್ಚಿಮ ಯುರೋಪಿನ ಲಿಪಿ, ಸ್ವೀಡಿಷ್ ಅಕಾರಾದಿ ಎಂದು ತಾನೇ ಊಹಿಸಿಕೊಳ್ಳುತ್ತಿತ್ತು. ಬೇರೆ ಹೇಳದೆ ‘ಕನ್ನಡ’ ಎಂದು ತುಂಬಿದರೆ ಐದು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತಿದ್ದವು. 2018ರ ಏಪ್ರಿಲಿನಲ್ಲಿ ಬಂದ 8.0 ಆವೃತ್ತಿಯಲ್ಲಷ್ಟೇ ಯುನಿಕೋಡ್ ತಾನಾಗಿ ಬರುವ ಆಯ್ಕೆಯಾಯಿತು. ಲೋಕವೆಲ್ಲ ನಾಲ್ಕು ಬೈಟಿನ ಯುನಿಕೋಡಿಗೆ ಅವಸರದಿಂದ ಹೊರಳಲು ದೊಡ್ಡ ಕಾರಣ ಮೊಬೈಲಿನ ನಗುಮುಖದ ಚಿತ್ರಗಳು, ಅವಕ್ಕೆ ನಾಲ್ಕು ಬೈಟ್ ಬೇಕು. ಕೋಟಿಗಟ್ಟಲೆ ಜನರ ಲಿಪಿಗೆ ಆಗದ ಕೆಲಸ ನಗುಮುಖಕ್ಕೆ ಆಯಿತಲ್ಲ ಎಂದು ಬೇಸರಪಡುವುದೋ, ಅದರ ಬೆನ್ನಲ್ಲಿ ನಮಗೂ ದಾರಿಯಾಯಿತು ಎಂದು ಖುಷಿಪಡುವುದೋ ನೀವೇ ಹೇಳಿ.

ಜ್ಯಾಂಗೊದಲ್ಲಿ ತಿರುವು ಬಂದದ್ದು 2007ರ ಜುಲೈಯಲ್ಲಿ. ಒಳಗೆಲ್ಲ ಬೈಟಿನ ಬದಲು ಯುನಿಕೋಡನ್ನೇ ಬಳಸುವಂತೆ ಪ್ರತ್ಯೇಕ ಕವಲಿನಲ್ಲಿ ನಡೆದಿದ್ದ ಕೆಲಸವನ್ನು ಮುಖ್ಯ ಕೋಡಿಗೆ ಆಗ ಸೇರಿಸಿದರು. ಆ ಕೆಲಸದ ಮುಂದಾಳು ಆಸ್ಟ್ರೇಲಿಯಾದ ಮಾಲ್ಕಮ್ ಟ್ರೆಡಿನಿಕ್. ಬಾಗಿಲಲ್ಲಿ ಒಮ್ಮೆ ಬೈಟನ್ನು ಯುನಿಕೋಡ್ ಮಾಡಿಕೋ, ಮನೆಯೊಳಗೆ ಯುನಿಕೋಡಿನಲ್ಲೇ ಮಾತಾಡು, ಹೊರಗೆ ಕಳಿಸುವಾಗ ಮತ್ತೆ ಬೈಟ್ ಮಾಡು ಎಂಬುದು ಅದರ ನೀತಿ. ಕೇಳಲು ಸರಳ. ಮಾಡಲು ಫಾರ್ಮು, ಡೇಟಾಬೇಸು, ಟೆಂಪ್ಲೇಟು, ಇಮೇಲು ಹೀಗೆ ಪ್ರತಿ ಕೋಣೆಯ ನೆಲ ಕಿತ್ತು ಮತ್ತೆ ಹಾಸಬೇಕು. 2008ರ ಸೆಪ್ಟೆಂಬರ್ 3ರಂದು ಬಂದ ಜ್ಯಾಂಗೊ 1.0ರ ಹೊತ್ತಿಗೆ ಈ ನೆಲ ಗಟ್ಟಿಯಾಗಿತ್ತು. ಆ ಬಿಡುಗಡೆಯ ಬಗ್ಗೆ ಮಾತಾಡುವವರು ಹೊಸ ಆಡಳಿತ ಪುಟವನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಈ ಕಣ್ಣಿಗೆ ಕಾಣದ ನೆಲ. 15 ಹೋಗಿ 5 ಬಂತು. ಟ್ರೆಡಿನಿಕ್ 2013ರ ಮಾರ್ಚಿನಲ್ಲಿ ತೀರಿಕೊಂಡರು. ಜ್ಯಾಂಗೊ ಪ್ರತಿಷ್ಠಾನ ಅವರ ನೆನಪಿನಲ್ಲಿ ಒಂದು ಪ್ರಶಸ್ತಿ ಇಟ್ಟಿದೆ. ಅವರು ಕನ್ನಡ ಕೇಳಿದ್ದರೋ ಇಲ್ಲವೋ, ಕನ್ನಡದ ಮಟ್ಟಿಗೆ ಅವರ ಋಣ ಇದೆ.

ಎಲ್ಲರಿಗೂ ಈ ಕೆಲಸ ಕೈಗೂಡಲಿಲ್ಲ ಎಂಬುದನ್ನೂ ಹೇಳಬೇಕು. ಪಿಎಚ್‌ಪಿ ಭಾಷೆಯವರು ಇದೇ ಕಾಲದಲ್ಲಿ ಆರನೇ ಆವೃತ್ತಿಯನ್ನು ಪೂರ್ತಿ ಯುನಿಕೋಡಿನಲ್ಲಿ ತರುತ್ತೇವೆಂದು ಹೊರಟರು. ಪುಸ್ತಕದಂಗಡಿಗಳಲ್ಲಿ ಪಿಎಚ್‌ಪಿ 6 ಎಂದು ಮುಖಪುಟ ಹೊತ್ತ ಪುಸ್ತಕಗಳೂ ಬಂದವು. ಆವೃತ್ತಿ ಮಾತ್ರ ಬರಲಿಲ್ಲ. 2010ರಲ್ಲಿ ಕೈಬಿಟ್ಟರು. 2015ರ ಡಿಸೆಂಬರಿನಲ್ಲಿ ಐದರಿಂದ ನೇರ ಏಳಕ್ಕೆ ಜಿಗಿದರು. ಇವತ್ತಿಗೂ ಪಿಎಚ್‌ಪಿಯ ಮಾಮೂಲು ಅಳತೆ ‘ಕನ್ನಡ’ವನ್ನು 15 ಎನ್ನುತ್ತದೆ, ಸರಿಯಾದ ಎಣಿಕೆಗೆ ಬೇರೆ ಸಲಕರಣೆ ಕೇಳಬೇಕು. ಕನ್ನಡದ ಎಷ್ಟೋ ಬ್ಲಾಗುಗಳು ನಡೆಯುವ ವರ್ಡ್‌ಪ್ರೆಸ್ಸಿನ ತಳಪಾಯ ಇದೇ ಪಿಎಚ್‌ಪಿ. ಅದರ ಪುಟದ ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತ ಶೇಕಡಾ ಗುರುತುಗಳ ಸಮೇತ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಮಿತಿ ಇರುವುದು 200. ಅಂದರೆ 22 ಸಂಕೇತ ದಾಟಿದ ಕನ್ನಡ ತಲೆಬರಹದ ಬಾಲ ಕತ್ತರಿಸಿಹೋಗುತ್ತದೆ. ವಾಟ್ಸಾಪಿನಲ್ಲಿ ಗೆಳೆಯರು ಕಳಿಸುವ ಕನ್ನಡ ಲೇಖನದ ಕೊಂಡಿ ಶೇಕಡಾ ಗುರುತುಗಳ ರೈಲಿನ ಹಾಗೆ ಕಾಣುವುದು ಈ ಕಾರಣಕ್ಕೆ.

ಪೈಥಾನಿಗೆ ಮರಳೋಣ. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂತು. ಪಠ್ಯವೆಂದರೆ ಯುನಿಕೋಡ್ ಎಂದು ಅದು ಮೂಲದಲ್ಲೇ ತೀರ್ಮಾನಿಸಿತ್ತು. ಆದರೆ ಹಳೆಯ ಪೈಥಾನ್ 2ರ ಕೋಡು ಅದರಲ್ಲಿ ಓಡುತ್ತಿರಲಿಲ್ಲ. ಹಳೆ ಮನೆ ಬಿಟ್ಟು ಹೊಸದಕ್ಕೆ ಹೋಗಲು ಲೋಕ ಹತ್ತು ವರ್ಷ ತೆಗೆದುಕೊಂಡಿತು. ಜ್ಯಾಂಗೊ 2013ರಲ್ಲಿ ಎರಡೂ ಮನೆಗಳಲ್ಲಿ ಕಾಲಿಟ್ಟಿತು. 2017ರ ಡಿಸೆಂಬರಿನಲ್ಲಿ ಬಂದ ಜ್ಯಾಂಗೊ 2.0 ಪೈಥಾನ್ 2ರ ಬಾಗಿಲು ಮುಚ್ಚಿತು. 2020ರ ಜನವರಿ 1ಕ್ಕೆ ಪೈಥಾನ್ 2ರ ಅಧಿಕೃತ ಬೆಂಬಲವೂ ಮುಗಿಯಿತು. 2018ರ ಅಕ್ಟೋಬರಿನಲ್ಲಿ ಪೈಕಾನ್ ಇಂಡಿಯಾ ಸಮ್ಮೇಳನ ಹೈದರಾಬಾದಿನಲ್ಲೇ ನಡೆದಾಗ ಊರಿನ ಅನೇಕ ಕಂಪನಿಗಳಲ್ಲಿ ಈ ಸ್ಥಳಾಂತರ ನಡೆಯುತ್ತಿತ್ತು. ಅಂಥ ಒಂದೆರಡು ಸ್ಥಳಾಂತರಗಳ ಉಸ್ತುವಾರಿ ನನ್ನ ಪಾಲಿಗೂ ಬಂದಿತ್ತು. ಗ್ರಾಹಕರಿಗೆ ಕಳಿಸುವ ವರದಿಯಲ್ಲಿ ಖರ್ಚು, ಭದ್ರತೆ, ಗಡುವು ಎಂದು ಬರೆಯುತ್ತಿದ್ದೆವು. ಇನ್ನು ಮುಂದೆ ಭಾರತದ ಯಾವ ಭಾಷೆಯ ಹೆಸರೂ ಹೊಸ್ತಿಲಲ್ಲಿ ಎಡವುವುದಿಲ್ಲ ಎಂದು ಬರೆಯುವ ಅಂಕಣ ಅದರಲ್ಲಿ ಇರಲಿಲ್ಲ.

ಹೆಸರಿನ ಮಾತು ಬಂತು. ಜ್ಯಾಂಗೊದಲ್ಲಿ ಬಳಕೆದಾರರ ಕೊನೆಯ ಹೆಸರಿಗೆ ಇದ್ದ 30ರ ಮಿತಿ 2.0ರಲ್ಲಿ 150 ಆಯಿತು. ಮೊದಲ ಹೆಸರಿಗೆ ಅದೇ ಭಾಗ್ಯ 2020ರ 3.1ರಲ್ಲಿ ಬಂತು. ಊರು, ತಂದೆ, ಮನೆತನ ಎಲ್ಲವನ್ನೂ ಹೆಸರಿನಲ್ಲೇ ಹೊತ್ತು ತಿರುಗುವ ದಕ್ಷಿಣದವರಿಗೆ ಇದು ಸಣ್ಣ ಸುಧಾರಣೆಯಲ್ಲ.

ಆದರೆ ಸುಧಾರಣೆಯ ಪಟ್ಟಿಯಲ್ಲೇ ಅಡಗಿ ಕುಳಿತ ಒಂದು ಕೊರತೆಯಿದೆ. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

2015ರ ಡಿಸೆಂಬರಿನ ಜ್ಯಾಂಗೊ 1.9ರಲ್ಲಿ ಒಂದು ಸಿಹಿಸುದ್ದಿ ಇತ್ತು: ಪುಟದ ವಿಳಾಸದ ‘ಸ್ಲಗ್’ ಇನ್ನು ಯುನಿಕೋಡಿನಲ್ಲೂ ಇರಬಹುದು. ಸ್ಲಗ್ ಎಂಬುದು ಅಚ್ಚುಮನೆಯ ಮಾತು. ಸೀಸ ಕರಗಿಸಿ ಒಂದು ಸಾಲಿಗೆ ಒಂದು ಅಚ್ಚು ಎರಕ ಹೊಯ್ಯುತ್ತಿದ್ದ ಕಾಲದಲ್ಲಿ ಆ ಸೀಸದ ಪಟ್ಟಿಗೆ ಸ್ಲಗ್ ಎನ್ನುತ್ತಿದ್ದರು. ಸುದ್ದಿಮನೆಯಲ್ಲಿ ಅದು ಸುದ್ದಿಯ ಗಿಡ್ಡ ಹೆಸರಾಯಿತು. ಪತ್ರಿಕಾ ಕಚೇರಿಯಲ್ಲಿ ಹುಟ್ಟಿದ ಜ್ಯಾಂಗೊ ಆ ಪದವನ್ನು ವೆಬ್ಬಿಗೆ ಹೊತ್ತು ತಂದಿತು. ಲೇಖನದ ತಲೆಬರಹದಿಂದ ವಿಳಾಸದ ಕೊನೆಯ ತುಂಡನ್ನು ತಯಾರಿಸುವ ಕೆಲಸ ಅದರದು. 1.9ಕ್ಕೆ ಮೊದಲು ಕನ್ನಡ ತಲೆಬರಹ ಕೊಟ್ಟರೆ ಅದು ಪೂರ್ತಿ ಅಳಿಸಿ ಖಾಲಿ ತಟ್ಟೆ ಕೊಡುತ್ತಿತ್ತು. ಈಗ ಯುನಿಕೋಡ್ ಇರಲಿ ಎಂದು ಹೇಳಿದರೆ ಏನು ಕೊಡುತ್ತದೆ ಗೊತ್ತೆ? ‘ಕನ್ನಡ’ ಕೊಟ್ಟರೆ ‘ಕನನಡ’. ‘ಕಾವೇರಿ’ ಕೊಟ್ಟರೆ ‘ಕವರ’. ‘ಹೈದರಾಬಾದ್’ ಕೊಟ್ಟರೆ ‘ಹದರಬದ’.

ಕಾರಣ ಇಷ್ಟೇ. ಪದದೊಳಗೆ ಬರಬಹುದಾದ ಚಿಹ್ನೆ ಯಾವುದು ಎಂದು ಕೇಳಿದಾಗ ಪೈಥಾನ್ ಅಕ್ಷರ ಮತ್ತು ಅಂಕಿ ಎನ್ನುತ್ತದೆ. ಯುನಿಕೋಡಿನ ವರ್ಗೀಕರಣದಲ್ಲಿ ನಮ್ಮ ವ್ಯಂಜನಗಳೂ ಬಿಡಿ ಸ್ವರಗಳೂ ‘ಅಕ್ಷರ’ಗಳು. ಆದರೆ ಗುಣಿತದ ಚಿಹ್ನೆಗಳು, ಅನುಸ್ವಾರ, ಅರ್ಧಾಕ್ಷರದ ಗುರುತು ‘ಅಕ್ಷರ’ಗಳಲ್ಲ, ಅಕ್ಷರಕ್ಕೆ ತಗಲುವ ‘ಗುರುತು’ಗಳು. ಫ್ರೆಂಚಿನವರ ಅಕ್ಷರದ ತಲೆಯ ಮೇಲಿನ ಗೆರೆ ಇದ್ದ ಹಾಗೆ. ಫ್ರೆಂಚಿನಲ್ಲಿ ಆ ಗೆರೆ ಬಿದ್ದರೂ ಪದದ ಗುರುತು ಸಿಗುತ್ತದೆ. ನಮ್ಮಲ್ಲಿ ಗುಣಿತ ಬಿದ್ದರೆ ಪದವೇ ಸತ್ತುಹೋಗುತ್ತದೆ. ‘ರಾಗಿ’ಯ ಕೊನೆಯ ಗುಡಿಸು ಬಿದ್ದರೆ ‘ರಾಗ’. ಮುದ್ದೆಗೂ ಮೋಹನಕ್ಕೂ ಏನು ಸಂಬಂಧ! ತಲೆಬರಹವನ್ನು ಇಷ್ಟಕ್ಕೆ ಮೊಟಕುಗೊಳಿಸು ಎಂದಾಗಲೂ ಇದೇ ಅಪಾಯ, ಏಕೆಂದರೆ ಕತ್ತರಿ ಗುಣಿತಚಿಹ್ನೆಯ ಮುಂದೆ ಬೀಳಬಹುದು.

2016ರ ಆಗಸ್ಟಿನ 1.10ರಲ್ಲಿ ಇನ್ನೊಂದು ಸುಧಾರಣೆ ಬಂತು. ಪೈಥಾನ್ 3ರಲ್ಲಿ ಬಳಕೆದಾರ ತನ್ನ ಲಾಗಿನ್ ಹೆಸರನ್ನು ಯಾವ ಲಿಪಿಯಲ್ಲಾದರೂ ಇಟ್ಟುಕೊಳ್ಳಬಹುದು. ಪರೀಕ್ಷೆ ಮಾಡುವ ನಿಯಮ ಅದೇ ಹಳೆಯ ‘ಅಕ್ಷರ, ಅಂಕಿ’ಯದು. ಪರಿಣಾಮ: ‘ಕಮಲ’ ಒಳಗೆ ಬರಬಹುದು, ‘ಕಾವೇರಿ’ ಬರುವಂತಿಲ್ಲ. ‘ಭರತ’ನಿಗೆ ಪ್ರವೇಶವಿದೆ, ‘ರಾಮ’ನಿಗಿಲ್ಲ. ‘ಗಂಗಾ’ ಎರಡು ಕಾರಣಕ್ಕೆ ಹೊರಗೆ, ಅನುಸ್ವಾರಕ್ಕೊಮ್ಮೆ, ದೀರ್ಘಕ್ಕೊಮ್ಮೆ. ಗುಣಿತವೂ ಒತ್ತೂ ಇಲ್ಲದ ಹೆಸರಿನವರು ಮಾತ್ರ ಕನ್ನಡದಲ್ಲಿ ಲಾಗಿನ್ ಆಗಬಹುದಾದ ಲೋಕ ಅದು. ನಮ್ಮ ತಂಡದ ತೆಲುಗು ಹುಡುಗರಿಗೆ ಒಮ್ಮೆ ಇದನ್ನು ತೋರಿಸಿದೆ. ಅವರು ತಮ್ಮ ತಮ್ಮ ಹೆಸರು ಹಾಕಿ ನೋಡಿದರು. ಎಂಟು ಜನರಲ್ಲಿ ಒಬ್ಬನೂ ಪಾಸಾಗಲಿಲ್ಲ. ನಗು ತಡೆಯಲಾಗಲಿಲ್ಲ, ಆಮೇಲೆ ಸುಮ್ಮನಾದೆವು.

2.0ರ ಅತಿ ಹೆಚ್ಚು ಹೊಗಳಿಸಿಕೊಂಡ ಸುಧಾರಣೆ ವಿಳಾಸಗಳನ್ನು ಸರಳವಾಗಿ ಬರೆಯುವ ಹೊಸ ಕ್ರಮ. ಮೊದಲು ಮಂತ್ರದಂಥ ಚಿಹ್ನೆಗಳ ಸಾಲು ಬರೆಯಬೇಕಿತ್ತು, ಈಗ ‘ಇಲ್ಲಿ ಸ್ಲಗ್ ಬರುತ್ತದೆ’ ಎಂದರೆ ಸಾಕು. ಆ ‘ಸ್ಲಗ್’ ಎಂಬ ಸಿದ್ಧ ಪದ ಒಪ್ಪುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆಗಳನ್ನು ಮಾತ್ರ. ಎರಡು ವರ್ಷದ ಹಿಂದೆ ಒಂದು ಬಾಗಿಲು ತೆರೆದ ಮನೆಯವರೇ ಹೊಸ ಬಾಗಿಲು ಇಡುವಾಗ ಹಳೆ ಅಳತೆಯನ್ನೇ ಬಳಸಿದರು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪರೀಕ್ಷಿಸುವಾಗ ‘ಕಾವೇರಿ’ ಎಂದು ಟೈಪಿಸುವವರು ಆ ಕೋಣೆಯಲ್ಲಿ ಇರಲಿಲ್ಲ, ಅಷ್ಟೆ.

ಯಾರೂ ದೂರು ಕೊಟ್ಟಿರಲಿಲ್ಲವೆ? ಕೊಟ್ಟಿದ್ದರು. ದೇವನಾಗರಿ ಪಠ್ಯದಲ್ಲಿ ಪದಗಳನ್ನು ಹುಡುಕಲು ಹೋದರೆ ಚೂರುಚೂರಾಗುತ್ತವೆ ಎಂದು ಪೈಥಾನಿನ ದೋಷಪಟ್ಟಿಯಲ್ಲಿ ಒಬ್ಬರು ಬರೆದದ್ದು 2007ರಲ್ಲಿ. 2011ರಲ್ಲಿ ಇನ್ನೊಬ್ಬರು ಯುನಿಕೋಡಿನ ನಿಯಮವನ್ನೇ ಉಲ್ಲೇಖಿಸಿ ಇದು ಹಳತಾದ ವ್ಯಾಖ್ಯೆ ಎಂದು ಮತ್ತೆ ಬರೆದರು. ಅಂದರೆ ಜ್ಯಾಂಗೊದಲ್ಲಿ ಯುನಿಕೋಡ್ ನೆಲ ಹಾಸಿದ ವರ್ಷವೇ, ಒಂದು ಮಹಡಿ ಕೆಳಗೆ ಬಿರುಕಿದೆ ಎಂದು ಯಾರೋ ಚೀಟಿ ಅಂಟಿಸಿದ್ದರು. 1.9 ಮತ್ತು 1.10 ಬಂದದ್ದು ಆ ಚೀಟಿಯ ಮೇಲೆ ಧೂಳು ಕೂತ ಮೇಲೆ. ಸರಿಪಡಿಸುವ ಪರ್ಯಾಯ ಲೈಬ್ರರಿ ಇದೆ. ಕನ್ನಡದ ಆ 128 ಮನೆಗಳನ್ನು ಬಿಟ್ಟುಬಿಡು ಎಂದು ನಾವೇ ಆರೇಳು ಸಾಲು ಬರೆದುಕೊಳ್ಳಲೂಬಹುದು. ಬಹಳ ಮಂದಿ ಎರಡನ್ನೂ ಮಾಡುವುದಿಲ್ಲ, ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಕನ್ನಡ ಪತ್ರಿಕೆಗಳೂ.

ಇನ್ನು 4ರ ಕಥೆ.

ಐದು ಸಂಕೇತಗಳನ್ನು ಎಣಿಸುವುದು ಅಕ್ಷರ ಎಣಿಸಿದಂತಲ್ಲ ಎಂದು ಯುನಿಕೋಡಿನವರಿಗೆ ಗೊತ್ತಿತ್ತು. ಓದುವವನ ಕಣ್ಣಿಗೆ ಒಂದು ಎಂದು ಕಾಣುವುದನ್ನು ಒಂದೇ ಎಂದು ಎಣಿಸಲು ಅವರು ಬೇರೆ ನಿಯಮಗಳನ್ನು ರಚಿಸಿದ್ದಾರೆ. ಬ್ರೌಸರುಗಳಲ್ಲಿ ಅದನ್ನು ನೇರವಾಗಿ ಬಳಸುವ ಸಲಕರಣೆ ಕ್ರೋಮಿಗೆ 2020ರ ಕೊನೆಯಲ್ಲಿ, ಫೈರ್‌ಫಾಕ್ಸಿಗೆ 2024ರಲ್ಲಿ ಬಂತು. ಅದೇ 2020ರಲ್ಲಿ ಡಾಟ್‌ನೆಟ್ 5 ಕೂಡ ಇದೇ ನಿಯಮಕ್ಕೆ ಬದಲಾಯಿತು. ಆ ನಿಯಮದಲ್ಲಿ ಗುಣಿತವೂ ಅರ್ಧಾಕ್ಷರದ ಗುರುತೂ ಹಿಂದಿನ ವ್ಯಂಜನದ ಜೊತೆ ಸೇರುತ್ತವೆ. ‘ಕಾವೇರಿ’ ಸರಿಯಾಗಿ ಮೂರಾಗುತ್ತದೆ. ‘ಕನ್ನಡ’ ಮಾತ್ರ ಕ, ನ್, ನ, ಡ ಎಂದು ನಾಲ್ಕಾಗುತ್ತದೆ. ಒತ್ತಕ್ಷರ ಒಡೆದು ಎರಡಾಗುತ್ತದೆ.

ಛಂದಸ್ಸು ಓದಿದ ಓದುಗರು ಇಲ್ಲಿ ಒಂದು ತಮಾಷೆ ಗಮನಿಸಿರಬಹುದು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಹಾಗಾಗಿ ‘ಕನ್ನಡ’ ಎಂದರೆ ಒಂದು ಗುರು, ಎರಡು ಲಘು, ಒಟ್ಟು ನಾಲ್ಕು ಮಾತ್ರೆ. ಅಕ್ಷರ ಎಣಿಸು ಎಂದರೆ ಯಂತ್ರ ಗೊತ್ತಿಲ್ಲದೆ ಮಾತ್ರೆ ಎಣಿಸಿಬಿಟ್ಟಿತು! ಆದರೆ ಇದು ಕಾಕತಾಳೀಯ. ‘ಕಾವೇರಿ’ಗೆ ಐದು ಮಾತ್ರೆ, ಯಂತ್ರ ಮೂರು ಎನ್ನುತ್ತದೆ.

2023ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 15.1 ಬಂತು. ಈ ಒಡೆದ ಒತ್ತಕ್ಷರಗಳನ್ನು ಒಂದಾಗಿಸುವ ಹೊಸ ನಿಯಮ ಅದರಲ್ಲಿತ್ತು. ವ್ಯಂಜನ, ಅರ್ಧಾಕ್ಷರದ ಗುರುತು, ಮತ್ತೆ ವ್ಯಂಜನ ಬಂದರೆ ನಡುವೆ ಕತ್ತರಿಸಬೇಡ ಎಂದು. ನಿಯಮ ಯಾವ ಲಿಪಿಗಳಿಗೆ ಅನ್ವಯಿಸುತ್ತದೆ ಎಂಬ ಪಟ್ಟಿ ಜೊತೆಗಿತ್ತು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆರು. ಕನ್ನಡ ಅದರಲ್ಲಿ ಇರಲಿಲ್ಲ.

ಇದರ ಅರ್ಥ ಏನು ನೋಡಿ. ‘ಕನ್ನಡ’ ಎಂಬ ಪದವನ್ನು ತೆಲುಗು ಲಿಪಿಯಲ್ಲಿ ಬರೆದು ಆ ಆವೃತ್ತಿಯ ನಿಯಮಕ್ಕೆ ಕೊಟ್ಟರೆ ಮೂರು ಅಕ್ಷರ ಎನ್ನುತ್ತದೆ. ಕನ್ನಡ ಲಿಪಿಯಲ್ಲಿ ಬರೆದು ಕೊಟ್ಟರೆ ನಾಲ್ಕು ಎನ್ನುತ್ತದೆ. ಒಂದೇ ಪದ, ಅವವೇ ಸಂಕೇತಗಳು, ಅದೇ ಕ್ರಮ, ನಡುವೆ ಇರುವುದು 128ರ ಅಂತರ ಮಾತ್ರ. ಕನ್ನಡ ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ಸರಿಯಾಗಿ ತಿಳಿಯಬೇಕಾದರೆ ತೆಲುಗಿನವರ ಮನೆಗೆ ಹೋಗಿ ಎಣಿಸಿಕೊಂಡು ಬರಬೇಕು. ಹೈದರಾಬಾದಿನಲ್ಲಿ ಇರುವುದರಿಂದ ನಮಗೆ ದಾರಿಯೇನೋ ಹತ್ತಿರ.

ಇದನ್ನು ಓದಿ ಸಿಟ್ಟಿಗೇಳುವ ಗೆಳೆಯರಿದ್ದಾರೆ. ಕನ್ನಡಕ್ಕೆ ಮತ್ತೆ ಅನ್ಯಾಯವಾಯಿತು ಎಂದು ಒಂದು ಪೋಸ್ಟ್ ಹಾಕುತ್ತಾರೆ, ನೂರು ಲೈಕ್ ಬರುತ್ತವೆ. ನನಗೆ ಆ ಸಿಟ್ಟು ಬರುವುದಿಲ್ಲ. ಯುನಿಕೋಡ್ ಪ್ರತಿ ಆವೃತ್ತಿಗೂ ಮೊದಲು ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಯಾರು ಬೇಕಾದರೂ ಬರೆಯಬಹುದು. ಜ್ಯಾಂಗೊ, ಪೈಥಾನುಗಳ ದೋಷಪಟ್ಟಿ ಎಲ್ಲರಿಗೂ ತೆರೆದದ್ದು. ಜ್ಯಾಂಗೊ ಜೊತೆ ಬರುವ ಭಾಷೆಗಳ ಪಟ್ಟಿಯಲ್ಲಿ ತೆಲುಗಿನಂತೆ ಕನ್ನಡವೂ ಇದೆ, ಅದು ಅಲ್ಲಿ ಸೇರಿದ್ದು ಯಾರೋ ಕೂತು ಅನುವಾದ ಮಾಡಿದ್ದರಿಂದ. ಬೆಂಗಳೂರು, ಹೈದರಾಬಾದು, ಪುಣೆಯಲ್ಲಿ ಈ ಸಲಕರಣೆಗಳಿಂದಲೇ ಹೊಟ್ಟೆ ಹೊರೆಯುವ ಕನ್ನಡಿಗ ಎಂಜಿನಿಯರುಗಳು ಎಷ್ಟು ಸಾವಿರ! ಹಗಲೆಲ್ಲ ಅಮೆರಿಕದ ಗ್ರಾಹಕನ ಅಕ್ಷರ ಸರಿಪಡಿಸುವ ನಾವು ನಮ್ಮ ಅಕ್ಷರದ ಬಗ್ಗೆ ಒಂದು ಪುಟದ ಅರ್ಜಿ ಬರೆಯುವುದಿಲ್ಲ. ಸಿಟ್ಟು ಬರಬೇಕಾದದ್ದು ಅದಕ್ಕೆ.

ಹಾಗೆ ನೋಡಿದರೆ ಈ ಊರಿಗೆ ಇಂಥ ಕೆಲಸ ಹೊಸದಲ್ಲ. ಬೀದರ, ಕಲಬುರಗಿ, ರಾಯಚೂರಿನವರಿಗೆ 1956ರವರೆಗೆ ಇದೇ ರಾಜಧಾನಿ. ಹೈಟೆಕ್ ಸಿಟಿ ಏಳುವುದಕ್ಕೆ ಎಷ್ಟೋ ಮೊದಲೇ ಕಾಚಿಗುಡದಲ್ಲಿ ಕನ್ನಡದ ಶಾಲೆ, ಸಾಹಿತ್ಯ ಮಂದಿರ ಇದ್ದವು. ತೊಂಬತ್ತರ ದಶಕದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ನಡೆದ ‘ಅನುಸಾರಕ’ ಯಂತ್ರಾನುವಾದ ಯೋಜನೆ ಹಿಂದಿಗೆ ದಾಟಿಸಲು ಕೈಗೆತ್ತಿಕೊಂಡ ಭಾಷೆಗಳಲ್ಲಿ ತೆಲುಗಿನ ಜೊತೆ ಕನ್ನಡವೂ ಇತ್ತು.

ಹೊಸ ಆವೃತ್ತಿ ಬಂದಾಗ ನಾನು ತಂಡಕ್ಕೆ ಒಂದು ಸಣ್ಣ ಕಡತ ಕೊಡುತ್ತೇನೆ. ಅದರಲ್ಲಿ ಕೆಲವೇ ಪದಗಳಿವೆ. ಒತ್ತಕ್ಷರಕ್ಕೆ ‘ಕನ್ನಡ’. ಗುಣಿತಕ್ಕೆ ‘ಕಾವೇರಿ’. ಮೊಟಕುಗೊಳಿಸಿ ನೋಡಲು ‘ರಾಗಿ’. ‘ರಾಜ್‌ಕುಮಾರ್’ ಎರಡು ಸಲ ಇದೆ, ಜ ಮತ್ತು ಕ ಬೆಸೆಯದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತ ಹಾಕಿ ಒಮ್ಮೆ, ಹಾಕದೆ ಒಮ್ಮೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುತ್ತದೆಯೆ ಎಂದು ನೋಡಬೇಕು. ‘ಕೋಲಾರ’ವೂ ಎರಡು ಸಲ, ಏಕೆಂದರೆ ಓತ್ವವನ್ನು ಒಂದೇ ಸಂಕೇತದಲ್ಲೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಪ್ರತಿ ಪದದ ಮುಂದೆ ಮಗು ಎಣಿಸುವ ಅಕ್ಷರಗಳ ಸಂಖ್ಯೆ ಬರೆದಿದೆ. ಕಡತವನ್ನು ಓಡಿಸಲು ಎರಡು ನಿಮಿಷ ಸಾಕು. ಕಳೆದ ಸಲ ಓಡಿಸಿದ ತೆಲುಗು ಹುಡುಗ ತನ್ನ ಭಾಷೆಯ ಪದಗಳನ್ನೂ ಕೆಳಗೆ ಸೇರಿಸಿದ. ಕಡತ ಬೇಕಾದವರು ಈ ಪತ್ರಿಕೆಯ ಸಂಪಾದಕರಿಗೆ ಬರೆದರೆ ಕಳಿಸಿಕೊಡುತ್ತೇನೆ. ನಿಮ್ಮ ಹೆಸರಿನಲ್ಲಿ ಗುಣಿತವೋ ಒತ್ತೋ ಇದ್ದರೆ ಅದನ್ನೂ ಸೇರಿಸಿಕೊಳ್ಳಿ.